ಶನಿವಾರದ ಉಪನ್ಯಾಸಗಳನ್ನು ವಿದ್ಯಾರ್ಥಿಗಳ ಕೈಗೆ ಮರಳಿಸಿ: ಚಿಕ್ಕಬಳ್ಳಾಪುರ ಜಿಲ್ಲೆಯ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಚಿಕ್ಕಬಳ್ಳಾಪುರ ಜಿಲ್ಲೆಯ ಪದವಿ ಕಾಲೇಜು, ಪಾಲಿಟೆಕ್ನಿಕ್ ಹಾಗೂ ಇಂಜಿನಿಯರಿಂಗ್ ಕಾಲೇಜುಗಳ ಹೊಣೆ ಹೊತ್ತಿರುವ ಪ್ರಾಂಶುಪಾಲರು ಮತ್ತು ಆಡಳಿತ ಮಂಡಳಿಯ ಸದಸ್ಯರೆಲ್ಲರನ್ನೂ ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ಇದೇ ಜಿಲ್ಲೆಯಲ್ಲಿ ಗಣಕ ವಿಜ್ಞಾನದ ಪಾಠ ಮಾಡಿ ನಿವೃತ್ತಳಾದ ನನಗೆ ತಮ್ಮಲ್ಲಿ ಅನೇಕರ ಪರಿಚಯವಿದೆ. ಕೆಲವರು ನನ್ನ ಸಹೋದ್ಯೋಗಿಗಳಾಗಿದ್ದವರು, ಇನ್ನು ಕೆಲವರು ನನ್ನ ತರಗತಿಯಲ್ಲಿ ಕುಳಿತು ಪಾಠ ಕೇಳಿದವರು. ಮುಚ್ಚಿದ ಲಕೋಟೆಯಲ್ಲಿ ಕಳುಹಿಸಬಹುದಾಗಿದ್ದ ಮಾತನ್ನು ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ಕಾರಣ, ಇದು ಒಂದೇ ಒಂದು ಕಾಲೇಜಿಗೆ ಸಂಬಂಧಪಟ್ಟ ವಿಷಯವಲ್ಲ ಎಂಬುದು.

ನಮ್ಮೂರಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳೇ ಕಟ್ಟಿಕೊಂಡ ಗಣಕ ಸಂಘವೊಂದಿದೆ. ಕೆಲವು ವರ್ಷಗಳಿಂದ ಅದು ಶನಿವಾರ ಮಧ್ಯಾಹ್ನದ ಹೊತ್ತು ತಂತ್ರಜ್ಞಾನದ ಕುರಿತು ಉಪನ್ಯಾಸಗಳನ್ನು ನಡೆಸಿಕೊಂಡು ಬರುತ್ತಿತ್ತು. ಈ ಶೈಕ್ಷಣಿಕ ವರ್ಷದ ಆರಂಭದಲ್ಲಿ ಕಾಲೇಜಿನ ಆಡಳಿತ ಒಂದು ಸುತ್ತೋಲೆ ಹೊರಡಿಸಿತು. ಇನ್ನು ಮುಂದೆ ಯಾವುದೇ ಉಪನ್ಯಾಸ ವಿಭಾಗದ ಅಧಿಕೃತ ಕಾರ್ಯಕ್ರಮವಾಗಿಯೇ ನಡೆಯತಕ್ಕದ್ದು, ಮಾತನಾಡುವವರ ಹೆಸರು ಮತ್ತು ಪರಿಚಯಪತ್ರವನ್ನು ಎರಡು ವಾರ ಮುಂಚಿತವಾಗಿ ಕಚೇರಿಗೆ ಸಲ್ಲಿಸತಕ್ಕದ್ದು, ಬೇರೆ ಕಾಲೇಜಿನವರಿಗೆ ಪ್ರವೇಶವಿಲ್ಲ, ತರಗತಿ ಮುಗಿದ ಕೂಡಲೇ ಪ್ರಯೋಗಾಲಯಕ್ಕೆ ಬೀಗ ಹಾಕತಕ್ಕದ್ದು ಎಂಬುದು ಅದರ ಸಾರ. ಸಂಘವನ್ನು ಮುಚ್ಚಿ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಆದರೆ ಸುತ್ತೋಲೆ ಬಂದ ಮೇಲೆ ಒಂದು ಉಪನ್ಯಾಸವೂ ನಡೆದಿಲ್ಲ. ಕಾಲೇಜಿನ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಉಪನ್ಯಾಸಗಳು ಮತ್ತೆ ಆರಂಭವಾಗಬೇಕು, ಅವು ವಿದ್ಯಾರ್ಥಿಗಳ ಕೈಯಲ್ಲೇ ಇರಬೇಕು, ಇಂಥ ಸಂಘ ಇನ್ನೂ ಹುಟ್ಟದಿರುವ ಕಾಲೇಜುಗಳಲ್ಲಿ ಅದು ಹುಟ್ಟುವುದಕ್ಕೆ ಜಾಗ ಸಿಗಬೇಕು ಎಂದಷ್ಟೇ ನನ್ನ ಕೋರಿಕೆ.

ಈ ಉಪನ್ಯಾಸಗಳು ಹೇಗಿರುತ್ತವೆ ಎಂಬುದನ್ನು ನೋಡದೆ ಸುತ್ತೋಲೆ ಬರೆದಿರಬಹುದು ಎಂಬ ಅನುಮಾನದಿಂದ, ನಾನು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದ ಎರಡನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಒಂದು ಉಪನ್ಯಾಸ ಕೊಟ್ಟವಳು ಬಿಸಿಎ ಕೊನೆಯ ವರ್ಷದ ವಿದ್ಯಾರ್ಥಿನಿ. ಅವಳ ತಂದೆ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದಾರೆ. ಅಂಗಡಿಯ ಗಣಕದಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಾಗಿದ್ದ ಒಂದು ಕಡತವನ್ನು ಅವಳು ತಂದಿದ್ದಳು. ಅಂಗಡಿಯಲ್ಲಿ ಅಚ್ಚುಕಟ್ಟಾದ ಕನ್ನಡವಾಗಿ ಕಾಣುತ್ತಿದ್ದ ಆ ಅರ್ಜಿ, ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣಿಸಿತು. ಹೀಗೇಕಾಗುತ್ತದೆ ಎಂಬುದೇ ಅವಳ ಉಪನ್ಯಾಸದ ವಿಷಯ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ತುಂಡು ಆಕೃತಿಗಳನ್ನು ಕೂರಿಸಿರುತ್ತವೆ. ಕಡತದೊಳಗೆ ಇರುವುದು ಆ ಸಂಖ್ಯೆಗಳು ಮಾತ್ರ, ಕನ್ನಡ ಇರುವುದು ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಪಟ್ಟಿಯಾದ ಯೂನಿಕೋಡ್ ಬಂದ ಮೇಲೆ ಕನ್ನಡದ ಪ್ರತಿ ಮೂಲ ಅಕ್ಷರಕ್ಕೂ ಚಿಹ್ನೆಗೂ ಅದರದೇ ಆದ ಸಂಖ್ಯೆ ದೊರೆಯಿತು.

ಇಷ್ಟನ್ನು ಹೇಳಿ ಅವಳು ಪರದೆಯ ಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತೆರೆದು, 'ಕ್ಷ' ಎಂದು ಬೆರಳಚ್ಚಿಸಿ, ಅದರ ಉದ್ದ ಎಷ್ಟೆಂದು ಕೇಳಿದಳು. ಉತ್ತರ 3 ಎಂದು ಬಂದಾಗ ಕೊಠಡಿಯಲ್ಲಿ ಗುಸುಗುಸು ಶುರುವಾಯಿತು. ಕ-ಕಾರಕ್ಕೆ 3221, ಹಲಂತ ಚಿಹ್ನೆಗೆ 3277, ಷ-ಕಾರಕ್ಕೆ 3255 ಎಂದು ಮೂರು ಸಂಖ್ಯೆಗಳನ್ನು ಬಿಡಿಸಿ ತೋರಿಸಿದಳು. ಆ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಪ್ರತಿಯೊಂದಕ್ಕೂ ಮೂರು ಬೈಟುಗಳಂತೆ ಒಟ್ಟು ಒಂಬತ್ತು ಬೈಟುಗಳು ಬೇಕಾಗುತ್ತವೆ ಎಂದು ಲೆಕ್ಕ ಹಾಕಿಸಿದಳು. ಆಗ ಎರಡನೆಯ ವರ್ಷದ ಹುಡುಗನೊಬ್ಬ ಎದ್ದು, ಕೆಲವು ಕನ್ನಡ ಪಿಡಿಎಫ್ ಕಡತಗಳಲ್ಲಿ ಕಣ್ಣಿಗೆ ಕಾಣುವ ಹೆಸರನ್ನೇ ಹುಡುಕಿದರೂ ಸಿಗದಿರುವುದಕ್ಕೆ ಇದೇ ಕಾರಣವೇ ಎಂದು ಕೇಳಿದ. ಇದೇ ಕಾರಣ. ಹಾಗಾದರೆ ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಮನ್ನು ನಾವೇ ಬರೆಯಬಹುದಲ್ಲ ಎಂಬಲ್ಲಿಗೆ ಮಾತು ಹೋಯಿತು. ಮುಂದಿನ ಸಭೆಗೆ ಇಬ್ಬರು ಬರೆದುಕೊಂಡೂ ಬಂದರು. 'ಸೂರ್ಯ' ಎಂಬ ಪದದಲ್ಲಿ ಅವರ ಪ್ರೋಗ್ರಾಮು ಎಡವಿತು: ಹಳೆಯ ಕಡತದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಯ-ಕಾರದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರ-ಕಾರ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಸರಿಸುವುದು ಹೇಗೆಂದು ನಾಲ್ಕೈದು ಜನ ಬೋರ್ಡಿನ ಮುಂದೆ ನಿಂತು ವಾದಿಸುತ್ತಿದ್ದಾಗ, ಅಕ್ಷರಗಳ ಸಾಲನ್ನು ಪ್ರೋಗ್ರಾಮಿನಲ್ಲಿ ಬಿಡಿಸಿ ಜೋಡಿಸುವ ಸ್ಟ್ರಿಂಗ್ ಸಂಸ್ಕರಣೆ ಎಂಬ ಅಧ್ಯಾಯವನ್ನು ನಾನು ಅಷ್ಟು ವರ್ಷ ಕಲಿಸಿದರೂ ಇಷ್ಟು ಜೀವಂತವಾಗಿ ಯಾವ ತರಗತಿಯಲ್ಲೂ ಕಂಡಿರಲಿಲ್ಲ ಎನಿಸಿತು.

ಇನ್ನೊಂದು ಉಪನ್ಯಾಸ ಶಿಡ್ಲಘಟ್ಟ ತಾಲ್ಲೂಕಿನ ಡಿಪ್ಲೊಮಾ ವಿದ್ಯಾರ್ಥಿಯದು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಮನೆಯ ಉಷ್ಣತೆ ಮತ್ತು ತೇವಾಂಶವನ್ನು ಅಳೆದು ಮೊಬೈಲಿಗೆ ಸಂದೇಶ ಕಳುಹಿಸುವ ಒಂದು ಸಾಧನವನ್ನು ಅವನು ಇಎಸ್‌ಪಿ-32 ಎಂಬ ಪುಟ್ಟ ಬೋರ್ಡು ಮತ್ತು ಡಿಎಚ್‌ಟಿ-22 ಎಂಬ ಸಂವೇದಕ ಬಳಸಿ ಮಾಡಿದ್ದ. ಚಾಕಿ ಹಂತದ ಎಳೆ ಹುಳುಗಳಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 80ಕ್ಕಿಂತ ಹೆಚ್ಚು ತೇವಾಂಶ ಬೇಕು; ಬೆಳೆದ ಹುಳುಗಳಿಗೆ 24-25 ಡಿಗ್ರಿ, ಶೇಕಡಾ 70ರ ಆಸುಪಾಸು ಸಾಕು; ಹೀಗಾಗಿ ಎಚ್ಚರಿಕೆಯ ಮಿತಿಯನ್ನು ಹುಳುವಿನ ಹಂತಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ ಎಂದು ಅವನು ವಿವರಿಸುತ್ತಿದ್ದ. ಬೇರೆ ಸಂಸ್ಥೆಯಿಂದ ಬಂದಿದ್ದ ಐಟಿಐ ಹುಡುಗನೊಬ್ಬ ಕೈಯೆತ್ತಿ ಕೇಳಿದ: "ಹುಳು ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಉದುರಿಸ್ತೀರಲ್ಲಣ್ಣ, ಅದು ಸೆನ್ಸರ್ ಒಳಗಡೆ ಹೋಗಲ್ವಾ?" ಉಪನ್ಯಾಸ ಅಲ್ಲಿಗೆ ನಿಂತಿತು. ಜ್ವರವೆಂದರೆ ಹುಳು ಪೊರೆ ಕಳಚುವ ಹೊತ್ತು; ಆಗ ಸುಣ್ಣವನ್ನು ಉದುರಿಸುವುದೇ ಹಾಸಿಗೆಯ ತೇವ ಹೀರಲಿ ಎಂದು. ಅದು ಸಂವೇದಕದ ಜಾಲರಿಯ ಮೇಲೆ ಕುಳಿತರೆ ತೇವಾಂಶದ ಅಳತೆ ಸರಿ ಬರುವುದಿಲ್ಲ. ಹಾಗೆಯೇ ಹುಳು ಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಸೋಂಕು ನಿವಾರಣೆ ಮಾಡುವಾಗ ಬೋರ್ಡನ್ನು ಅಲ್ಲೇ ಬಿಟ್ಟರೆ ಲೋಹದ ಭಾಗಗಳು ತುಕ್ಕು ಹಿಡಿಯುತ್ತವೆ ಎಂದು ಇನ್ನೊಬ್ಬಳು ಸೇರಿಸಿದಳು. ಆ ದಿನ ಹೊರಬಂದ ಪರಿಹಾರ ಸರಳವಾದದ್ದು: ಸಾಧನವನ್ನು ತೆಳುಬಟ್ಟೆ ಸುತ್ತಿದ ಡಬ್ಬಿಯಲ್ಲಿಟ್ಟು ತಟ್ಟೆಗಳಿಗಿಂತ ಎತ್ತರದಲ್ಲಿ ಕಟ್ಟುವುದು, ಸೋಂಕು ನಿವಾರಣೆಗೆ ಮುನ್ನ ಬಿಚ್ಚಿಡುವುದು.

ಸುತ್ತೋಲೆಯ ಪ್ರಕಾರ ಆ ಐಟಿಐ ಹುಡುಗನಿಗೆ ಇನ್ನು ಪ್ರವೇಶವಿಲ್ಲ. ಆ ಡಿಪ್ಲೊಮಾ ವಿದ್ಯಾರ್ಥಿಯ ಪರಿಚಯಪತ್ರದಲ್ಲಿ ಬರೆಯಲು ಏನೂ ಇರಲಿಲ್ಲ. ಕಚೇರಿಯ ಮುಂದೆ ಅದು ಹೋಗಿದ್ದರೆ ಅವನಿಗೆ ಮಾತನಾಡಲು ಅವಕಾಶವೂ ಸಿಗುತ್ತಿರಲಿಲ್ಲ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ತಾವು ದಯವಿಟ್ಟು ಇದನ್ನು ಯೋಚಿಸಬೇಕು.

ವಿಭಾಗದ ಕಾರ್ಯಕ್ರಮವಾಗಿ ನಡೆದರೆ ತಪ್ಪೇನು ಎಂದು ತಾವು ಕೇಳಬಹುದು. ಅಧಿಕೃತ ಕಾರ್ಯಕ್ರಮದ ಕ್ರಮ ತಮಗೂ ನನಗೂ ಚೆನ್ನಾಗಿ ಗೊತ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಪರಿಚಯ, ಶಾಲು, ಹಾರ, ಸ್ಮರಣಿಕೆ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಇವೆಲ್ಲಕ್ಕೂ ತಮ್ಮದೇ ಗೌರವದ ಸ್ಥಾನವಿದೆ; ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಇರುವ ಜಿಲ್ಲೆಯಲ್ಲಿ ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನವನ್ನು ಅವರ ನೆನಪಿನಲ್ಲಿ ಹಾಗೆಯೇ ಆಚರಿಸಬೇಕು. ಆದರೆ ಆ ಕ್ರಮದಲ್ಲಿ ಮುಖ್ಯ ಉಪನ್ಯಾಸಕ್ಕೆ ಉಳಿಯುವ ಸಮಯ ಬಹಳ ಕಡಿಮೆ, ಪ್ರಶ್ನೆಗಳಿಗೆ ಉಳಿಯುವುದು ಅದಕ್ಕಿಂತಲೂ ಕಡಿಮೆ. ಹಾಜರಾತಿಗಾಗಿ ಕರೆತಂದು ಕೂರಿಸಿದ ಇನ್ನೂರು ಮಂದಿಯ ಮುಂದೆ, ವೇದಿಕೆಯ ಮೇಲೆ ವಿಭಾಗದ ಮುಖ್ಯಸ್ಥರು ಕುಳಿತಿರುವಾಗ, ತನಗೆ ಅರ್ಥವಾಗಿಲ್ಲ ಎಂದು ಎದ್ದು ಹೇಳುವ ಧೈರ್ಯ ಹದಿನೆಂಟು ವರ್ಷದ ಮಗುವಿಗೆ ಬರುವುದಿಲ್ಲ. ಸಂಘದ ಸಭೆಯಲ್ಲಿ ಮೂವತ್ತು ಜನ ಸೇರಿದರೆ ಹೆಚ್ಚು. ಎಲ್ಲರೂ ತಾವಾಗಿ ಬಂದವರು. ಮಾತು ಮುಕ್ಕಾಲು ಗಂಟೆ, ಪ್ರಶ್ನೋತ್ತರ ಅದಕ್ಕಿಂತ ಹೆಚ್ಚು.

ಸಭೆ ನಡೆಸುವ ಕೆಲಸವೇ ಒಂದು ಪಾಠ ಎಂಬುದನ್ನೂ ಮರೆಯಬಾರದು. ಕಂಪನಿಯೊಂದರಲ್ಲಿ ಕೆಲಸ ಮಾಡುವ ಹಿರಿಯ ವಿದ್ಯಾರ್ಥಿಗೆ ಪತ್ರ ಬರೆದು ಆಹ್ವಾನಿಸುವುದು, ವಿಷಯವನ್ನು ನಾಲ್ಕು ಸಾಲಿನಲ್ಲಿ ಬರೆದು ಸೂಚನಾ ಫಲಕಕ್ಕೆ ಹಾಕುವುದು, ಬಂದವರ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಸರಿಹೋಗದಿದ್ದರೆ ಏನು ಮಾಡುವುದೆಂದು ಮೊದಲೇ ಯೋಚಿಸಿಡುವುದು, ಮಾತು ದಾರಿ ತಪ್ಪಿದರೆ ಮರ್ಯಾದೆಯಿಂದ ವಿಷಯಕ್ಕೆ ಎಳೆದು ತರುವುದು. ಇದನ್ನು ವಿಭಾಗವೇ ಮಾಡಿಕೊಟ್ಟರೆ ವಿದ್ಯಾರ್ಥಿಗಳಿಗೆ ಉಳಿಯುವ ಕೆಲಸ ಕುರ್ಚಿ ಜೋಡಿಸುವುದು ಮಾತ್ರ.

ಎಲ್ಲ ಉಪನ್ಯಾಸಗಳೂ ಚೆನ್ನಾಗಿರುತ್ತವೆ ಎಂದು ನಾನು ಹೇಳುವುದಿಲ್ಲ. ಕೃತಕ ಬುದ್ಧಿಮತ್ತೆಯ ಬಗ್ಗೆ ಒಮ್ಮೆ ನಡೆದ ಮಾತಿನಲ್ಲಿ ಘೋಷಣೆಗಳೇ ಹೆಚ್ಚಾಗಿ, ನಡೆದು ತೋರಿಸುವ ಪ್ರೋಗ್ರಾಮು ಒಂದೂ ಇರಲಿಲ್ಲ. ಅದಾದ ಮೇಲೆ ಸಂಘದವರೇ ಕುಳಿತು, ಇನ್ನು ಮುಂದೆ ಮಾತನಾಡುವವರು ಏನಾದರೊಂದನ್ನು ಪರದೆಯ ಮೇಲೆ ನಡೆಸಿ ತೋರಿಸಲೇಬೇಕು ಎಂಬ ನಿಯಮ ಮಾಡಿಕೊಂಡರು. ಮೇಲಿನಿಂದ ಬಂದ ಯಾವ ಮಾರ್ಗಸೂಚಿಯೂ ಇಷ್ಟು ಬೇಗ, ಇಷ್ಟು ಸರಿಯಾದ ಜಾಗಕ್ಕೆ ಕೈ ಹಾಕುತ್ತಿರಲಿಲ್ಲ.

ಪಠ್ಯಕ್ರಮವಿರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆಯನ್ನೂ ಕೇಳಿದ್ದೇನೆ. ಪಠ್ಯಕ್ರಮ ಹಲವು ಸಮಿತಿಗಳನ್ನು ದಾಟಿ ಬರಬೇಕಾದದ್ದು. ಅದು ನಿಧಾನವಾಗಿಯೇ ನಡೆಯುತ್ತದೆ, ನಡೆಯಬೇಕಾದದ್ದೂ ಹಾಗೆಯೇ. ಪ್ರೋಗ್ರಾಮಿನ ಆವೃತ್ತಿಗಳನ್ನು ನಿರ್ವಹಿಸುವ ಗಿಟ್ ಎಂಬ ಸಾಧನ ಹುಟ್ಟಿದ್ದು 2005ರಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಗಿಟ್ ಕುರಿತಾದ ಒಂದು ಪತ್ರಿಕೆ ಇದೆ. ಸಂತೋಷದ ವಿಷಯ. ಅಷ್ಟರೊಳಗೆ ಉದ್ಯೋಗಕ್ಕೆ ಹೋದ ನಮ್ಮ ಮಕ್ಕಳು ಅದನ್ನು ಮೊದಲ ದಿನವೇ ಎದುರಿಸಬೇಕಾಯಿತು. ಅಲ್ಲಿಗೆ ಹೋಗುವ ಮೊದಲೇ ಅದರ ಪರಿಚಯವಾಗಿದ್ದವರು ಬಹುಮಟ್ಟಿಗೆ ಇಂಥ ಸಭೆಗಳಲ್ಲಿ ಕುಳಿತಿದ್ದವರು.

ಬೆಂಗಳೂರು ಹತ್ತಿರದಲ್ಲೇ ಇದೆಯಲ್ಲ, ಅಲ್ಲಿ ವಾರಕ್ಕೆ ಹತ್ತಾರು ಸಭೆಗಳು ನಡೆಯುತ್ತವಲ್ಲ ಎನ್ನುವವರಿದ್ದಾರೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್ ನಿಜ. ಆದರೆ ಬಾಗೇಪಲ್ಲಿ ಅಥವಾ ಗುಡಿಬಂಡೆಯ ಹಳ್ಳಿಯಿಂದ ದಿನವೂ ಚಿಕ್ಕಬಳ್ಳಾಪುರಕ್ಕೆ ಬಂದು ಹೋಗುವ ವಿದ್ಯಾರ್ಥಿನಿಗೆ ಕೋರಮಂಗಲದಲ್ಲಿ ಸಂಜೆ ಆರೂವರೆಗೆ ಶುರುವಾಗುವ ಸಭೆ ಯಾವ ಪ್ರಯೋಜನಕ್ಕೆ? ರಾತ್ರಿ ಊರಿಗೆ ಬಸ್ ಇರುವುದಿಲ್ಲ, ಮನೆಯವರು ಕಳುಹಿಸುವುದೂ ಇಲ್ಲ. ಜೊತೆಗೆ ಆ ಸಭೆಗಳು ಬಹುತೇಕ ಇಂಗ್ಲಿಷಿನಲ್ಲಿ ನಡೆಯುತ್ತವೆ. ನಮ್ಮ ಸಂಘದ ಸಭೆ ಕನ್ನಡದಲ್ಲಿ ನಡೆಯುತ್ತದೆ. ಸರ್ವರ್, ಫೈಲ್, ಲೂಪ್ ಎಂಬ ಪದಗಳು ಹಾಗೆಯೇ ಇದ್ದು, ಅವುಗಳ ಸುತ್ತಲಿನ ಮಾತು ಕನ್ನಡದ್ದು. ಬಾಗೇಪಲ್ಲಿ, ಚಿಂತಾಮಣಿ ಕಡೆಯ ಮಕ್ಕಳಲ್ಲಿ ಅನೇಕರ ಮನೆಮಾತು ತೆಲುಗು. ಅವರು ತೆಲುಗು ಬೆರೆಸಿ ಕೇಳಿದರೆ ಉತ್ತರವೂ ಹಾಗೆಯೇ ಬರುತ್ತದೆ. ತರಗತಿಯಲ್ಲಿ ಮೂರು ವರ್ಷ ಬಾಯಿ ಬಿಡದ ವಿದ್ಯಾರ್ಥಿಗಳು ಇಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವುದನ್ನು ನಾನು ನೋಡಿದ್ದೇನೆ.

ಗಣಕ ಸಂಘಗಳು ಉಪನ್ಯಾಸ ನಡೆಸುವುದು ಹೊಸ ಸಂಗತಿಯೂ ಅಲ್ಲ, ಹುಡುಗಾಟದ ಸಂಗತಿಯೂ ಅಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಗಣಕ ವಿಜ್ಞಾನ ಸಂಘ 1967ರಿಂದ ಇದೆ. ಆ ಸಂಘದ ಆಹ್ವಾನದ ಮೇರೆಗೆ 1989ರಲ್ಲಿ ಬಿಲ್ ಗೇಟ್ಸ್ ಅಲ್ಲಿಗೆ ಹೋಗಿ ಮೈಕ್ರೋಕಂಪ್ಯೂಟರುಗಳ ಕುರಿತು ಮಾತನಾಡಿದರು, ವಿಂಡೋಸ್ 3.0 ಬಿಡುಗಡೆಯಾದದ್ದು ಅದರ ಮರುವರ್ಷ. ಆ ಮಾತಿನ ಧ್ವನಿಮುದ್ರಣವನ್ನು ವಿದ್ಯಾರ್ಥಿಗಳು ಉಳಿಸಿಕೊಂಡಿದ್ದರಿಂದ ಇಂದಿಗೂ ಯಾರು ಬೇಕಾದರೂ ಅದನ್ನು ಕೇಳಬಹುದು. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರನ್ನು ಗೆಳೆಯನೊಬ್ಬ ಮುಕ್ತ ತಂತ್ರಾಂಶ ಚಳವಳಿಯ ಹರಿಕಾರ ರಿಚರ್ಡ್ ಸ್ಟಾಲ್ಮನ್ ಅವರ ಉಪನ್ಯಾಸಕ್ಕೆ ಕರೆದುಕೊಂಡು ಹೋಗಿದ್ದ. 1991ರಲ್ಲಿ ಲಿನಸ್ ಬರೆದ, ಗಣಕವನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಹೊರಬಂತು. 1992ರಲ್ಲಿ ಲಿನಸ್ ಅದನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು ಎನ್ನುವ, ಸ್ಟಾಲ್ಮನ್ ರೂಪಿಸಿದ ಜಿಪಿಎಲ್ ಪರವಾನಗಿಯ ಅಡಿಗೆ ತಂದರು. ಇಂದು ಆಂಡ್ರಾಯ್ಡ್ ಫೋನುಗಳ ಒಳಗೆ ಇರುವುದು ಅದೇ ಲಿನಕ್ಸ್ ತಿರುಳು. ಉಪನ್ಯಾಸ ಒಂದರಿಂದಲೇ ಇಷ್ಟಾಯಿತು ಎಂದು ನಾನು ವಾದಿಸುವುದಿಲ್ಲ. ಆದರೆ ಅಂದು ಆ ಉಪನ್ಯಾಸಕ್ಕೆ ಹೋದ ವಿದ್ಯಾರ್ಥಿಯಿಂದ ಏನು ಪ್ರಯೋಜನವಾಯಿತು ಎಂದು ಮರುದಿನವೇ ವರದಿ ಕೇಳಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ ಎಂಬುದನ್ನು, ಪ್ರತಿ ಕಾರ್ಯಕ್ರಮಕ್ಕೂ ಫಲಿತಾಂಶದ ವರದಿ ಬಯಸುವ ನಮ್ಮ ಕಚೇರಿಗಳು ಗಮನಿಸಬೇಕು.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದ ಎಚ್. ನರಸಿಂಹಯ್ಯನವರು ನಮ್ಮವರು. 1962ರಲ್ಲಿ ಆರಂಭವಾದ ಬೆಂಗಳೂರು ಸೈನ್ಸ್ ಫೋರಮ್ಮನ್ನು ಕಟ್ಟಿ ಬೆಳೆಸಿದವರು ಅವರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರ ಸಂಜೆ ವಿಜ್ಞಾನದ ಉಪನ್ಯಾಸ. ಯಾರು ಬೇಕಾದರೂ ಬಂದು ಕೂರಬಹುದು, ಪ್ರಶ್ನೆ ಕೇಳಬಹುದು, ಯಾವ ಕಾಲೇಜಿನವರೆಂದು ಬಾಗಿಲಲ್ಲಿ ಕೇಳುವವರಿಲ್ಲ. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಿಕೊಳ್ಳಬಾರದು ಎಂದು ಜೀವನವಿಡೀ ಹೇಳಿದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿಯೂ ಹಾಗೆಯೇ ನಡೆದುಕೊಂಡ ಅವರ ಜಿಲ್ಲೆಯಲ್ಲಿ, ಬೇರೆ ಕಾಲೇಜಿನ ವಿದ್ಯಾರ್ಥಿ ಉಪನ್ಯಾಸ ಕೇಳಲು ಬಂದರೆ ಗೇಟಿನಲ್ಲಿ ತಡೆಯುವ ನಿಯಮ ಇರಬಾರದು. ಈ ಮಾತನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ.

ಮಾತನಾಡುವವರು ಎಲ್ಲಿಂದ ಬರಬೇಕು ಎಂಬ ಚಿಂತೆಗೂ ಕಾರಣವಿಲ್ಲ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ರೇಡಿಯೋ ದೂರದರ್ಶಕ ಕೇಂದ್ರವಿದೆ, ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಭೂಕಂಪನ ಮಾಪನ ಕೇಂದ್ರವಿದೆ. ಸೂರ್ಯನಿಂದ ಬರುವ ರೇಡಿಯೋ ತರಂಗವಾಗಲಿ, ಭೂಮಿಯ ಒಳಗಿನ ಸಣ್ಣ ಅಲುಗಾಟವಾಗಲಿ, ಸಂಕೇತವನ್ನು ಗದ್ದಲದಿಂದ ಬೇರ್ಪಡಿಸುವುದು ಗಣಕದ ಕೆಲಸ. ಅಲ್ಲಿಂದ ಒಬ್ಬರು ಬಂದು ಒಂದು ಗಂಟೆ ಮಾತನಾಡಿದರೆ, ಪಠ್ಯದಲ್ಲಿ ಕಷ್ಟಪಟ್ಟು ಬಾಯಿಪಾಠ ಮಾಡುವ, ಸಂಕೇತವನ್ನು ಅದರ ಬೇರೆ ಬೇರೆ ಕಂಪನಾಂಕಗಳಾಗಿ ಬಿಡಿಸುವ ಫೋರಿಯರ್ ಪರಿವರ್ತನೆ ಏತಕ್ಕಾಗಿ ಇದೆ ಎಂಬುದು ಮಕ್ಕಳಿಗೆ ತಿಳಿಯುತ್ತದೆ. ಇದಲ್ಲದೆ ಈ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ, ವಾರದ ಕೊನೆಗೆ ಊರಿಗೆ ಬರುತ್ತಾರೆ. ಕರೆದರೆ ಸಂತೋಷದಿಂದ ಬರುತ್ತಾರೆ. ಗೌರವಧನ ಕೇಳಿದವರನ್ನು ನಾನು ಕಂಡಿಲ್ಲ. ಬಸ್ ಚಾರ್ಜು ಕೊಡಲು ಹೋದರೆ ಅದನ್ನೂ ಬೇಡವೆಂದು ಸಂಘದ ಚಹಾದ ಖರ್ಚಿಗೆ ಬಿಟ್ಟು ಹೋದವರಿದ್ದಾರೆ.

ತಮ್ಮ ಆತಂಕಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಹೆಣ್ಣುಮಕ್ಕಳು ಹೊತ್ತು ಮೀರಿ ಉಳಿಯಬಾರದು ಎಂಬುದು ಸರಿಯಾದ ಕಾಳಜಿ. ಅದಕ್ಕಾಗಿಯೇ ಸಂಘ ಶನಿವಾರ ಎರಡು ಗಂಟೆಗೆ ಆರಂಭಿಸಿ ನಾಲ್ಕರೊಳಗೆ ಮುಗಿಸುತ್ತಿತ್ತು, ಗೌರಿಬಿದನೂರು ಮತ್ತು ಬಾಗೇಪಲ್ಲಿ ಕಡೆಯ ಬಸ್ಸುಗಳ ಸಮಯ ನೋಡಿಕೊಂಡೇ ಆ ಹೊತ್ತನ್ನು ಗೊತ್ತುಮಾಡಿತ್ತು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಬೇರೆ ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿನಿಯರ ಸಂಖ್ಯೆ ಹೆಚ್ಚಿತ್ತು. ಪ್ರಯೋಗಾಲಯದ ವಸ್ತುಗಳು ಕಳೆದುಹೋದರೆ ಯಾರು ಹೊಣೆ ಎಂಬುದು ಎರಡನೆಯ ಆತಂಕ. ಲ್ಯಾಬ್ ಸಹಾಯಕರ ಸಂಬಳದಿಂದ ಮೌಸ್ ಮತ್ತು ಕೇಬಲಿನ ಹಣ ಹಿಡಿಯುವ ಪದ್ಧತಿ ಇರುವ ಕಡೆ ಅವರು ಬೀಗ ಹಾಕಿಕೊಳ್ಳುವುದು ಸಹಜ. ಹಾಗಾದರೆ ಪ್ರಯೋಗಾಲಯವೇ ಬೇಡ. ಪ್ರೊಜೆಕ್ಟರ್ ಇರುವ ಯಾವುದಾದರೂ ಒಂದು ತರಗತಿ ಕೊಠಡಿ ಸಾಕು. ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪುಗಳನ್ನೇ ತರುತ್ತಾರೆ. ಹೊರಗಿನವರು ಬಂದಾಗ ಹೆಸರು, ಕಾಲೇಜು ಬರೆದು ಗುರುತಿನ ಚೀಟಿ ತೋರಿಸಲಿ. ಒಬ್ಬ ಅಧ್ಯಾಪಕರು ಕೊಠಡಿಯಲ್ಲಿರಲಿ, ಕೇಳುಗರಾಗಿ.

ಒಂದು ವಿಷಯದಲ್ಲಿ ಮಾತ್ರ ತಾವು ಇನ್ನೂ ಬಿಗಿಯಾಗಿರಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಉಚಿತ ಸೆಮಿನಾರ್ ಎಂಬ ಹೆಸರಿನಲ್ಲಿ ತರಬೇತಿ ಸಂಸ್ಥೆಗಳವರು ಕಾಲೇಜುಗಳಿಗೆ ಬರುತ್ತಾರೆ. ಅಂಥದೊಂದು ಸೆಮಿನಾರಿನಲ್ಲಿ ಹತ್ತು ನಿಮಿಷ ಯಂತ್ರ ಕಲಿಕೆಯ (ಮಷಿನ್ ಲರ್ನಿಂಗ್) ಮಾತಾಡಿ, ಉಳಿದ ಹೊತ್ತು ತಮ್ಮ ಕೋರ್ಸಿನ ಶುಲ್ಕ ಮತ್ತು ಉದ್ಯೋಗದ ಭರವಸೆಯ ಬಗ್ಗೆ ಹೇಳಿ, ಪ್ರತಿಯೊಬ್ಬರಿಂದಲೂ ತಮ್ಮ ಮತ್ತು ತಂದೆಯ ಮೊಬೈಲ್ ಸಂಖ್ಯೆ ಬರೆಸಿಕೊಂಡು ಹೋದರು. ಆಮೇಲೆ ಹಳ್ಳಿಯ ತಂದೆತಾಯಿಗಳಿಗೆ, ಕಂತಿನಲ್ಲಿ ಸಾಲ ಕೊಡಿಸುತ್ತೇವೆ, ಮಗನನ್ನು ಸೇರಿಸಿ ಎಂದು ಕರೆಗಳು ಬಂದವು. ಅದು ಅಧಿಕೃತ ಅನುಮತಿ ಪಡೆದು, ಪರಿಚಯಪತ್ರ ಸಲ್ಲಿಸಿ ನಡೆದ ಕಾರ್ಯಕ್ರಮ. ವಿದ್ಯಾರ್ಥಿ ಸಂಘದ ಸಭೆಯಲ್ಲಿ ಅಂಥದ್ದು ಎಂದೂ ನಡೆದಿಲ್ಲ, ಏಕೆಂದರೆ ಯಾರೂ ಏನನ್ನೂ ಮಾರಬಾರದು, ಯಾರ ಸಂಖ್ಯೆಯನ್ನೂ ಸಂಗ್ರಹಿಸಬಾರದು ಎಂಬುದು ಅವರ ಮೊದಲ ನಿಯಮ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ದೇಶದಲ್ಲಿ ಕಾಯಿದೆಯೇ ಬಂದಿದೆ. ಅದರ ಅರ್ಥವನ್ನು ನಮ್ಮ ಕೆಲವು ಸಂಸ್ಥೆಗಳಿಗಿಂತ ಈ ಮಕ್ಕಳು ಚೆನ್ನಾಗಿ ತಿಳಿದುಕೊಂಡಿದ್ದಾರೆ.

ಉಪನ್ಯಾಸಗಳನ್ನು ವಿಡಿಯೋದಲ್ಲಿ ದಾಖಲಿಸಿಟ್ಟುಕೊಳ್ಳಲು ಅನುಮತಿ ಬೇಕು ಎಂಬುದು ಸಂಘದ ಬಹುದಿನದ ಬೇಡಿಕೆ. ಅದು ಈ ಸುತ್ತೋಲೆಗೂ ಹಿಂದಿನದು. ಇದಕ್ಕೆ ಸ್ಟುಡಿಯೋ ಬೇಕಾಗಿಲ್ಲ. ಉಪನ್ಯಾಸ ಕೊಡುವವರ ಅಂಗಿಗೆ ಸಿಕ್ಕಿಸುವ ಒಂದು ಚಿಕ್ಕ ಮೈಕು, ಪರದೆಯ ಮೇಲಿನದನ್ನು ಹಾಗೆಯೇ ದಾಖಲಿಸುವ ಒಬಿಎಸ್ ಎಂಬ ಉಚಿತ ತಂತ್ರಾಂಶ ಇದ್ದರೆ ಆಯಿತು. ಧ್ವನಿ ಸ್ಪಷ್ಟವಾಗಿರುವುದು ಚಿತ್ರ ಚೆನ್ನಾಗಿರುವುದಕ್ಕಿಂತ ಮುಖ್ಯ, ಬೆರಳಚ್ಚಿಸುವ ಅಕ್ಷರಗಳು ದೊಡ್ಡದಾಗಿರಬೇಕು, ಸಭಿಕರ ಪ್ರಶ್ನೆಯನ್ನು ಉತ್ತರಿಸುವ ಮುನ್ನ ಮತ್ತೊಮ್ಮೆ ಹೇಳಬೇಕು ಎಂಬುದನ್ನು ಅವರು ಈಗಾಗಲೇ ತಿಳಿದುಕೊಂಡಿದ್ದಾರೆ. ಉಪನ್ಯಾಸ ಕೊಟ್ಟವರ ಒಪ್ಪಿಗೆ ಬರಹದಲ್ಲಿರಲಿ, ಕೇಳುಗರ ಮುಖಗಳು ಬೇಡ. ಹೀಗೆ ಕನ್ನಡದಲ್ಲಿ ದಾಖಲಾದ ಒಂದೊಂದು ಉಪನ್ಯಾಸವೂ ಪಾವಗಡದಲ್ಲೋ ಬೀದರಿನಲ್ಲೋ ಇರುವ ವಿದ್ಯಾರ್ಥಿಗೆ ಸಿಗುತ್ತದೆ. ಯೂನಿಕೋಡಿನ ಆ ಉಪನ್ಯಾಸದ ದಾಖಲೆ ಇಲ್ಲ. ಅನುಮತಿ ಪತ್ರ ಕಚೇರಿಯಿಂದ ಬರುವಷ್ಟರಲ್ಲಿ ಆ ಹುಡುಗಿ ಪದವಿ ಮುಗಿಸಿ ಹೋಗಿದ್ದಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಹೀಗಿದೆ. ಸಂಘದ ಸಭೆಗಳನ್ನು ಅಧಿಕೃತ ಅತಿಥಿ ಉಪನ್ಯಾಸಗಳ ನಿಯಮದಿಂದ ಹೊರಗಿಡಿ. ಅನುಮತಿಯ ಬದಲು ಮೂರು ದಿನ ಮುಂಚೆ ಕೊಡುವ ಮಾಹಿತಿ ಸಾಕೆಂದು ತಿಳಿಸಿ. ಶನಿವಾರ ಮಧ್ಯಾಹ್ನಕ್ಕೆ ಒಂದು ಕೊಠಡಿಯನ್ನು ವರ್ಷಪೂರ್ತಿ ಗೊತ್ತುಮಾಡಿ, ಪ್ರತಿ ವಾರ ಅದಕ್ಕಾಗಿ ಅರ್ಜಿ ಹಿಡಿದು ಅಲೆಯುವುದನ್ನು ತಪ್ಪಿಸಿ. ಗುರುತಿನ ಚೀಟಿ ಇರುವ ಯಾವ ವಿದ್ಯಾರ್ಥಿಗೂ, ಅವರು ಐಟಿಐನವರಾಗಲಿ, ಕಲಾ ವಿಭಾಗದವರಾಗಲಿ, ಬಾಗಿಲು ತೆರೆದಿರಲಿ. ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಕಾಲೇಜುಗಳಿಗೆ ಈ ಅರ್ಥದ ಒಂದು ಸೂಚನೆ ಕಳುಹಿಸಿದರೆ ಅಂಜುವ ಪ್ರಾಂಶುಪಾಲರಿಗೂ ಧೈರ್ಯ ಬರುತ್ತದೆ. ಹಣ ಕೇಳುತ್ತಿಲ್ಲ. ಸಂಘದ ಮೇಲ್ವಿಚಾರಣೆಗೆ ಅಧ್ಯಾಪಕರು ಸಿಗದ ಕಡೆ, ನನ್ನಂಥ ನಿವೃತ್ತರು ಬಂದು ಕೂರಲು ಸಿದ್ಧರಿದ್ದೇವೆ. ಈ ಬಗ್ಗೆ ನನ್ನ ಹಳೆಯ ಸಹೋದ್ಯೋಗಿಗಳೊಂದಿಗೆ ಮಾತನಾಡಿಯೇ ಬರೆಯುತ್ತಿದ್ದೇನೆ.

ಸಂಘದ ಈಗಿನ ಪದಾಧಿಕಾರಿಗಳು ಮುಂದಿನ ಉಪನ್ಯಾಸಕ್ಕೆ ವಿಷಯ ಗೊತ್ತುಮಾಡಿಕೊಂಡಿದ್ದಾರೆ: ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಸಂಸ್ಕರಿಸಿದ ಕೊಳಚೆ ನೀರು ತುಂಬಿದ ನಮ್ಮ ಕೆರೆಗಳ ವಿಸ್ತಾರವನ್ನು ಉಪಗ್ರಹ ಚಿತ್ರಗಳಿಂದ ಅಳೆಯುವುದು ಹೇಗೆ ಎಂಬುದು. ಪ್ರೋಗ್ರಾಮು ಸಿದ್ಧವಿದೆ, ಮಾತನಾಡುವವಳೂ ಸಿದ್ಧಳಿದ್ದಾಳೆ. ಅವರು ಕೊಟ್ಟ ಮನವಿ ಪತ್ರ ಕಚೇರಿಯಲ್ಲಿದೆ. ಈ ಪತ್ರಕ್ಕೆ ತಾವು ನನಗೆ ಉತ್ತರ ಬರೆಯುವ ಅಗತ್ಯವಿಲ್ಲ. ಆ ಮನವಿಗೆ ಉತ್ತರ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಗಣಕ ವಿಜ್ಞಾನದ ನಿವೃತ್ತ ಉಪನ್ಯಾಸಕಿ
ಚಿಕ್ಕಬಳ್ಳಾಪುರ